ಪಟದ ದೊರೆಸಾನಿ

ಯಾರ ಮನೆಗೆ ಹೋದರೂ ಗೋಡೆಯ ಮೇಲಿನ ಪಟವನ್ನು ಸ್ವಲ್ಪ ಸರಿಸಿ ಅದರ ಹಿಂಭಾಗ ನೋಡುವ ಕೆಟ್ಟ ಚಟವೊಂದು ನನಗಿದೆ. ಮನೆಯವರು ಕಾಫಿ ತರಲು ಒಳಗೆ ಹೋದರೆ ಸಾಕು, ನನ್ನ ಕೈ ತಾನಾಗಿ ಗೋಡೆಯ ಕಡೆ ಚಾಚುತ್ತದೆ. ಹಿಂದೆ ಏನಿರುತ್ತದೆ ಎಂದು ನೀವು ಕೇಳಬಹುದು. ಸಾಮಾನ್ಯವಾಗಿ ಹಲ್ಲಿ ಇರುತ್ತದೆ. ಒಮ್ಮೊಮ್ಮೆ ಜೇಡರ ಬಲೆ. ಇಷ್ಟು ವರ್ಷದಲ್ಲಿ ಅದಕ್ಕಿಂತ ಹೆಚ್ಚಿನದೇನೂ ಸಿಕ್ಕಿಲ್ಲ, ಆದರೂ ಚಟ ಬಿಟ್ಟಿಲ್ಲ.

ಮೊನ್ನೆ ಆಲ್ದೂರಿನ ಹತ್ತಿರ ನನ್ನ ಗಂಡನ ಸ್ನೇಹಿತರೊಬ್ಬರು ಹೊಸದಾಗಿ ಶುರು ಮಾಡಿದ ಹೋಂಸ್ಟೇಗೆ ಹೋಗಿದ್ದೆವು. ಈಗ ನಮ್ಮ ಕಡೆ ಕಾಫಿ ಗಿಡಕ್ಕಿಂತ ಹೋಂಸ್ಟೇ ಬೋರ್ಡುಗಳೇ ಚೆನ್ನಾಗಿ ಬೆಳೆಯುತ್ತಿವೆಯಷ್ಟೆ. ಅವರ ನಡುಮನೆಯ ಗೋಡೆಯ ಮೇಲೆ ಬಿಳಿಯ ಹೆಂಗಸೊಬ್ಬಳ ದೊಡ್ಡ ಪಟ ಇತ್ತು. "ಇನ್ನೂರು ವರ್ಷ ಹಳೇದು ಇದು. ನಮ್ಮ ತಾತಂಗೆ ದೊರೆ ಕೊಟ್ಟಿದ್ದು," ಎಂದು ಹೇಳಿ ಅವರು ನೀರು ತರಲು ಒಳಗೆ ಹೋದರು. ನಾನು ಎದ್ದು ಪಟ ಸರಿಸಿದೆ. ಹಿಂದೆ ಹೊಸ ಪ್ಲೈವುಡ್ಡು, ಅದರ ಮೇಲೆ ಪಟಕ್ಕೆ ಕಟ್ಟು ಹಾಕುವ ಅಂಗಡಿಯ ಹೊಳೆಯುವ ಚೀಟಿ.

"ಸುಮ್ನೆ ಕೂತ್ಕೋ ಮಾರಾಯ್ತಿ, ಮಾನ ತೆಗೀಬೇಡ," ಎಂದು ನನ್ನ ಗಂಡ ಹಲ್ಲು ಕಚ್ಚಿ ಹೇಳಿದರು. ನಾನು ಕೂತೆ. ಆ ಸ್ನೇಹಿತರ ಮೇಲೆ ನನಗೇನೂ ಸಿಟ್ಟಿಲ್ಲ. ದೂರದಿಂದ ಬರುವವರಿಗೆ ಬಂಗಲೆ ಎಂದ ಮೇಲೆ ಗೋಡೆಯ ಮೇಲೊಬ್ಬ ದೊರೆಸಾನಿ ಬೇಕಾಗುತ್ತಾಳೆ. ಆದರೆ ನಿಜವಾದ ದೊರೆಸಾನಿಯೊಬ್ಬಳನ್ನು ಗೋಡೆಯ ಮೇಲಿಟ್ಟುಕೊಂಡು ಸಂಸಾರ ಮಾಡುವುದು ಎಂಥ ಕಷ್ಟ ಎಂದು ಅವರಿಗೆ ಗೊತ್ತಿಲ್ಲ. ನನಗೆ ಗೊತ್ತು, ಏಕೆಂದರೆ ನಾನು ನನ್ನ ಅಜ್ಜಿಯ ಮೊಮ್ಮಗಳು.

ನಮ್ಮ ಅಜ್ಜನ ಮನೆ ಮಲ್ಲಂದೂರಿನಿಂದ ಇನ್ನೂ ಮೇಲಕ್ಕೆ, ಜೀಪು ಎರಡನೇ ಗೇರಿನಲ್ಲೇ ಏದುಸಿರು ಬಿಡುವ ಕಡೆ ಇತ್ತು. ಬಿಳಿ ದೊರೆಯೊಬ್ಬ ಕಟ್ಟಿಸಿದ ಬಂಗಲೆ ಅದು. ಅವನು ಊರು ಬಿಡುವಾಗ ಅಜ್ಜನ ಅಪ್ಪ ಅದನ್ನು ತೋಟದ ಸಮೇತ ನಿಂತ ಹಾಗೇ ಕೊಂಡರು. ನಿಂತ ಹಾಗೇ ಎಂದರೆ ಕುರ್ಚಿ ಮೇಜು, ಎರಡು ನಾಯಿ, ಇಂಗ್ಲಿಷಿನಲ್ಲಿ ಬೈದರೆ ಮಾತ್ರ ಹೆಜ್ಜೆ ಹಾಕುತ್ತಿದ್ದ ಒಂದು ಕುದುರೆ, ಎಲ್ಲ ಸೇರಿ. ನಾಯಿ ಕುದುರೆಗಳು ಕಾಲಕ್ಕೆ ಸರಿಯಾಗಿ ಸತ್ತವು. ನಡುಮನೆಯ ಗೋಡೆಯ ಮೇಲೆ ಆಳೆತ್ತರದ ಕಟ್ಟಿನಲ್ಲಿದ್ದ ಎಣ್ಣೆಬಣ್ಣದ ದೊರೆಸಾನಿ ಮಾತ್ರ ಉಳಿದಳು.

ಅಜ್ಜಿ ಮದುವೆಯಾಗಿ ಬಂದ ದಿನ ಹೊಸಿಲಿನ ಸೇರು ಒದ್ದು ಒಳಗೆ ಕಾಲಿಟ್ಟು ತಲೆ ಎತ್ತಿದಾಗ ಮೊದಲು ಕಂಡದ್ದು ಇವಳನ್ನೇ. ಬೂದುನೀಲಿ ರೇಷ್ಮೆಯ ಉಡುಪು, ತೊಡೆಯ ಮೇಲೆ ಬೆಕ್ಕಿನಷ್ಟೇ ಇದ್ದ ನಾಯಿ, ಆಡಬೇಕೋ ಬೇಡವೋ ಎಂದು ಮಾತನ್ನು ಬಾಯಲ್ಲೇ ಇಟ್ಟುಕೊಂಡ ಮುಖ. ಬಣ್ಣವೆಲ್ಲ ಹಳೇ ಪಿಂಗಾಣಿ ಬಸಿಯ ಹಾಗೆ ಸಣ್ಣಗೆ ಬಿರುಕು ಬಿಟ್ಟಿತ್ತು. ಇದೆಲ್ಲವನ್ನೂ ಅಜ್ಜಿ ಸಹಿಸಿಕೊಳ್ಳುತ್ತಿದ್ದರೋ ಏನೋ. ಸಹಿಸಲಾಗದೇ ಹೋದದ್ದು ಅವಳ ಕೂದಲು.

"ಮುಖ ನೋಡಿದ್ರೆ ಹುಡುಗಿ, ತಲೆ ನೋಡಿದ್ರೆ ಮುದುಕಿ," ಎನ್ನುತ್ತಿದ್ದರು ಅಜ್ಜಿ. "ವಯಸ್ಸು ಮುಚ್ಚಿಡೋ ಹೆಂಗಸನ್ನ ಯಾವತ್ತೂ ನಂಬಬಾರ್ದು."

ಅನುಮಾನ ಅಜ್ಜಿಗೆ ಹುಟ್ಟುಗುಣ. ಪೇಟೆಯಿಂದ ಬಂದ ಬೆಲ್ಲದ ಬಗ್ಗೆ, ರೇಡಿಯೋದವರು ಹೇಳುವ ಮಳೆಯ ಬಗ್ಗೆ, ಕಾಫಿ ಕ್ಯೂರಿಂಗ್ ಕಾರ್ಖಾನೆಯ ತಕ್ಕಡಿಯ ಬಗ್ಗೆ, ತೀರ ಒಳ್ಳೆಯ ಮಾತಾಡುವ ಅಳಿಯಂದಿರ ಬಗ್ಗೆ ಅವರಿಗೆ ಸಮಾನವಾದ ಅನುಮಾನವಿತ್ತು. ಆದರೆ ಅವೆಲ್ಲ ಬಂದು ಹೋಗುವ ಅನುಮಾನಗಳು. ಪಟದ ಮೇಲಿನದು ಮಾತ್ರ ಖಾಯಂ. ಅವರ ಪ್ರಕಾರ ಅದು ಎಂದೋ ಸತ್ತ ಯಾವಳದೋ ಚಿತ್ರವಲ್ಲ. ತಾವು ಈ ಮನೆಗೆ ಬರುವ ಮೊದಲು ಇಲ್ಲಿದ್ದವಳು, ಅಜ್ಜನಿಗೆ ಗೊತ್ತಿದ್ದವಳು. ಇಲ್ಲದೇ ಹೋದರೆ ಯಾರದೋ ಮನೆ ಹೆಂಗಸಿಗೆ ಅಜ್ಜ ಅಷ್ಟು ಸೇವೆ ಮಾಡುವುದು ಯಾಕೆ?

ಸೇವೆ ಮಾಡುತ್ತಿದ್ದುದೇನೋ ನಿಜ. ಮಳೆಗಾಲದಲ್ಲಿ ನಮ್ಮ ಕಡೆ ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು ಯಾವುದನ್ನೂ ಬೂಷ್ಟು ಬಿಡುವುದಿಲ್ಲ. ಅಜ್ಜ ಜೂನ್ ತಿಂಗಳು ಬಂತೆಂದರೆ ಪಟದ ಕೆಳಗೊಂದು ಕೆಂಡದ ಅಗ್ಗಿಷ್ಟಿಕೆ ಇಡಿಸುತ್ತಿದ್ದರು. ಧೂಳು ಒರೆಸಲು ಆಳುಗಳನ್ನು ಬಿಡುತ್ತಿರಲಿಲ್ಲ. ಹಳೆಯ ಮೆತ್ತನೆ ಪಂಚೆಯ ತುಂಡಿನಿಂದ ತಾವೇ ಒರೆಸುತ್ತಿದ್ದರು. ತಮ್ಮ ಕನ್ನಡಕವನ್ನೂ ಅಷ್ಟು ಜೋಪಾನವಾಗಿ ಒರೆಸಿದವರಲ್ಲ.

"ನಾನು ನಿಮ್ಮಪ್ಪನ್ನ ಹೆತ್ತು ಬಾಣಂತಿ ಕೋಣೇಲಿದ್ದೆ. ನಂಗೊಂದು ಅಗ್ಗಿಷ್ಟಿಕೆ, ಅವಳಿಗೊಂದು ಅಗ್ಗಿಷ್ಟಿಕೆ," ಎಂದು ಅಜ್ಜಿ ನನ್ನ ಹತ್ತಿರ ಎಷ್ಟೋ ಸಲ ಹೇಳಿಕೊಂಡಿದ್ದಾರೆ. "ಅವಳೇನು ಹೆತ್ತಿದ್ಲು ಅಂತ?"

ಇದನ್ನು ಅಜ್ಜನನ್ನೇ ಕೇಳಿ ಬಗೆಹರಿಸಿಕೊಳ್ಳಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಕೇಳಿ ಬಗೆಹರಿಸಿಕೊಳ್ಳುವ ಪದ್ಧತಿ ನಮ್ಮ ಮನೆತನದಲ್ಲಿ ಇಲ್ಲ. ನಾವು ಪಾತ್ರೆ ಕುಕ್ಕುತ್ತೇವೆ. ಎದುರಿನವರು ಸದ್ದಿನಿಂದ ಅರ್ಥ ಮಾಡಿಕೊಳ್ಳಬೇಕು. ಅಜ್ಜನೋ ಮಾತು ಕಡಿಮೆಯ ಮನುಷ್ಯ. ಪಾತ್ರೆಯ ಸದ್ದು ಜೋರಾದರೆ ಬೆಕ್ಕು ಬಂತೇನೋ ಎಂದು ತಿಳಿಯುತ್ತಿದ್ದರು.

ಬಂಗಲೆಯ ಕಟ್ಟೋಣವೂ ಅಜ್ಜಿಯ ಅನುಮಾನಕ್ಕೆ ತಕ್ಕ ಹಾಗೇ ಇತ್ತು. ದೊರೆಗಳ ಕಾಲದಲ್ಲಿ ಅಡುಗೆಮನೆ ಹಿಂದೆ ಬೇರೆಯಾಗಿತ್ತಂತೆ. ಅಜ್ಜನ ಅಪ್ಪ ಒಂದು ಓಣಿ ಕಟ್ಟಿಸಿ ಅದನ್ನು ಮನೆಗೆ ಸೇರಿಸಿದರು. ಹಾಗಾಗಿ ಅಡುಗೆಮನೆ, ಓಣಿ, ಊಟದ ಕೋಣೆ, ನಡುಮನೆ ಎಲ್ಲದರ ಬಾಗಿಲುಗಳೂ ಒಂದೇ ಸಾಲಿಗೆ ಬಂದಿದ್ದವು. ಒಲೆಯ ಹತ್ತಿರ ಕೂತು ತಲೆ ಎತ್ತಿದರೆ ಕಾಣುತ್ತಿದ್ದುದು ನಡುಮನೆಯ ಕೊನೆಯ ಗೋಡೆ. ಗೋಡೆಯಲ್ಲಿ ದೊರೆಸಾನಿ, ಅವಳ ಕೆಳಗೆ ಆರಾಮ ಕುರ್ಚಿಯಲ್ಲಿ ಅಜ್ಜ. ಹಳೆಯ ಕಾಲದ ಸ್ಟುಡಿಯೋ ಫೋಟೋಗಳಲ್ಲಿ ಗಂಡ ಕೂತು ಹೆಂಡತಿ ಹಿಂದೆ ನಿಂತಿರುತ್ತಾಳಲ್ಲ, ಥೇಟ್ ಹಾಗೆ. ಅಜ್ಜ ದಿನಾ ಸಂಜೆ ತೋಟದಿಂದ ಬಂದು ಕೈಕಾಲು ತೊಳೆದು ಅಲ್ಲಿ ಕೂತರೆ ಊಟಕ್ಕೇ ಏಳುವುದು. ಜಗಲಿಯಲ್ಲಿ ತಣ್ಣಗೆ ಗಾಳಿ ಇತ್ತು, ಎದುರಿಗೆ ಗುಡ್ಡ ಇತ್ತು. ಅದೆಲ್ಲ ಬಿಟ್ಟು ಅವರಿಗೆ ಆ ಗೋಡೆಯೇ ಬೇಕಾಗಿತ್ತು.

ದಿನಾ ಆ ಜೋಡಿಯನ್ನು ನೋಡಲಾರದೆ ಅಜ್ಜಿ ತಮ್ಮ ಈಳಿಗೆ ಮಣೆಯನ್ನು ತಿರುಗಿಸಿ ಹಾಕಿಕೊಂಡರು. ಅಂದಿನಿಂದ ಬಾಗಿಲಿಗೆ ಬೆನ್ನು ಹಾಕಿ, ಕತ್ತಲ ಮೂಲೆಗೆ ಮುಖ ಮಾಡಿ ತರಕಾರಿ ಹೆಚ್ಚುವುದು ಅವರ ಪದ್ಧತಿಯಾಯಿತು. ಅಡುಗೆಗೆ ಸಹಾಯಕ್ಕಿದ್ದ ಗಿರಿಜಕ್ಕ, "ಬೆಳಕಿಗೆ ಬೆನ್ನು ಹಾಕಿ ಹೆಚ್ಚಿದ್ರೆ ಬೆರಳು ಹೋಗ್ತದೆ ಅಮ್ಮ," ಎಂದು ಹೇಳಿ ಹೇಳಿ ಸಾಕಾಗಿ ಸುಮ್ಮನಾದಳು. ನಡುಮನೆಯಲ್ಲಂತೂ ಅಜ್ಜಿ ಯಾವತ್ತೂ ಕೂತವರಲ್ಲ. ನೆಂಟರು ಬಂದರೆ ಬಾಗಿಲ ಮರೆಯಲ್ಲಿ ನಿಂತು ಮಾತಾಡಿಸಿ ಒಳಗೆ ಹೋಗಿಬಿಡುತ್ತಿದ್ದರು. ಅಷ್ಟು ದೊಡ್ಡ ಬಂಗಲೆಯ ಯಜಮಾನಿ ಅದರ ಮುಂದಿನ ಅರ್ಧವನ್ನು ಪಟದ ಹೆಂಗಸಿಗೆ ಬಿಟ್ಟುಕೊಟ್ಟಿದ್ದರು.

ರಜೆಗೆ ಬಂದಾಗ ಗೂಢಚಾರಿಕೆ ನನ್ನ ಪಾಲಿಗೆ ಬರುತ್ತಿತ್ತು.

"ಹೋಗಿ ನೋಡ್ಕೊಂಡು ಬಾ, ಏನ್ಮಾಡ್ತಿದ್ದಾರೆ ಅಂತ."

ನಾನು ಓಣಿಯಲ್ಲಿ ಓಡಿ ಹೋಗಿ ಬರುತ್ತಿದ್ದೆ. "ಸುಮ್ನೆ ಕೂತಿದ್ದಾರೆ."

"ಯಾವ ಕಡೆ ನೋಡ್ತಿದ್ದಾರೆ?"

"ಮುಂದಕ್ಕೆ."

"ಮುಂದೆ ಏನಿದೆ?"

"ಏನೂ ಇಲ್ಲ."

ಈ ವರದಿಗೆ ನನಗೊಂದು ಕೋಡುಬಳೆ ಸಿಗುತ್ತಿತ್ತು. ಈಗ ಯೋಚಿಸಿದರೆ ಆ ಕೋಡುಬಳೆಗೆ ನಾನು ಅರ್ಹಳಾಗಿರಲಿಲ್ಲ.

ನಾನು ಚಿಕ್ಕಮಗಳೂರಿನಲ್ಲಿ ಕಾಲೇಜು ಓದುತ್ತಿದ್ದಾಗಿನ ಮಾತು. ತೊಂಬತ್ತರ ದಶಕ ಅರ್ಧ ಕಳೆದಿತ್ತು. ಶನಿವಾರ ಅಜ್ಜನ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಅಜ್ಜಿ ಸಂಡಿಗೆ ಹರವುತ್ತಿದ್ದರು, ನಾನು ಕಾಗೆ ಓಡಿಸುತ್ತಿದ್ದೆ. ಅಂಗಳಕ್ಕೆ ಕಾರು ಬಂದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಗಿರಿಜಕ್ಕ ಒದ್ದೆ ಕೈಯಲ್ಲೇ ಓಡಿ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಅಮ್ಮ, ಪಟದವ್ಳು ಬಂದಿದ್ದಾಳೆ. ಕಾರಿಂದ ಇಳಿದ್ಳು."

ಅಜ್ಜಿ ಕೈಯಲ್ಲಿದ್ದ ಹಿಟ್ಟನ್ನು ಪಾತ್ರೆಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, "ನಂಗೊತ್ತಿತ್ತು," ಎಂದರು.

ಹೋಗಿ ನೋಡಿದರೆ ಜಗಲಿಯಲ್ಲಿ ಎಪ್ಪತ್ತು ದಾಟಿದ ಬಿಳಿಯ ಹೆಂಗಸೊಬ್ಬರು ನಿಂತಿದ್ದರು. ಬಾಡಿಗೆಯ ಅಂಬಾಸಿಡರ್, ಕೈಯಲ್ಲಿ ಊರುಗೋಲು. ಪಟದವಳದೇ ಮೂಗು, ಪಟದವಳದೇ ಬಿಳಿ ಕೂದಲು, ಈಗ ಕೂದಲಿಗೆ ತಕ್ಕ ಮುಖವೂ ಬಂದಿತ್ತು ಅಷ್ಟೆ. ತೋಟ ಮಾರಿ ಹೋದ ದೊರೆಯ ಮಗಳಂತೆ. ಹುಟ್ಟಿದ್ದು ಇದೇ ಬಂಗಲೆಯಲ್ಲಿ, ಈಗ ಇರುವುದು ಊಟಿಯಲ್ಲಿ. ಸಾಯುವುದರೊಳಗೆ ಒಮ್ಮೆ ಮನೆ ನೋಡಬೇಕೆನ್ನಿಸಿತಂತೆ. ಆಕೆಗೆ ಕನ್ನಡ ಬರುತ್ತಿತ್ತು, ಚಿಕ್ಕಂದಿನಲ್ಲಿ ಆಯಾ ಕಲಿಸಿದಷ್ಟು. ಅಜ್ಜ ಹೊರಗೆ ಬಂದು ಕೈ ಮುಗಿದಾಗ ಆಕೆ ನಗುತ್ತಾ, "ನೀನು ಚೆನ್ನಾಗಿದೀಯಾ? ಊಟ ಮಾಡಿದ್ಯಾ?" ಎಂದು ಕೇಳಿಬಿಟ್ಟರು.

ಅಜ್ಜಿ ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದರು. ಅಜ್ಜನನ್ನು ನೀನು ಎನ್ನುವವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ. ಅಜ್ಜಿಯೂ ಅಂದವರಲ್ಲ. ಆಯಾ ಹತ್ತಿರ ಕಲಿತ ಕನ್ನಡದಲ್ಲಿ ಇರುವುದೇ ಅಷ್ಟು ಎಂದು ನಾನು ಪಿಸುಗುಟ್ಟಿದೆ. ಅಜ್ಜಿ ನಂಬಲಿಲ್ಲ.

ಆಮೇಲೆ ನಡೆದದ್ದು ನಮ್ಮ ಮನೆಯ ಇತಿಹಾಸದಲ್ಲೇ ಇರಲಿಲ್ಲ. ಅಜ್ಜಿ ತಾವಾಗಿ ನಡುಮನೆಗೆ ಬಂದರು. ಕೂರಲಿಲ್ಲ, ಕಂಬದ ಹಾಗೆ ನಿಂತರು. ಪಟದ ಕಡೆ ಬೆರಳು ಮಾಡಿ ನೇರವಾಗಿ ಬಂದವರನ್ನೇ ಕೇಳಿದರು. "ಇವಳು ಯಾರು?"

ಊಟಿಯಾಕೆ ಬೆರಳು ಮಡಚಿ ಲೆಕ್ಕ ಹಾಕತೊಡಗಿದರು. ಅಪ್ಪನ ಅಜ್ಜಿ, ಅವಳ ಅಜ್ಜಿ, ಅವಳ ಅಮ್ಮ. "ಸತ್ತು ತುಂಬಾ ವರ್ಷ ಆಯ್ತು. ಇನ್ನೂರು. ನಮ್ಮಪ್ಪನೂ ಇವಳನ್ನ ನೋಡಿಲ್ಲ."

"ಸುಳ್ಳು," ಎಂದರು ಅಜ್ಜಿ. "ಅಷ್ಟು ಹಿಂದೆ ಸತ್ತವಳ ಪಟ ಇಲ್ಲಿಗೆ ಹೆಂಗೆ ಬಂತು?"

ಆಕೆಗೆ ಬೇಜಾರಾಗಲಿಲ್ಲ. ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಹೇಳಿದರು. ಅವರ ಕಡೆ ಹಳ್ಳಿಯಲ್ಲೊಂದು ದೊಡ್ಡ ಮನೆ ಇತ್ತಂತೆ. ಮನೆ, ಜಮೀನು ಎಲ್ಲ ಹಿರಿಮಗನಿಗೆ ಹೋಯಿತು. ಕೊನೆಯ ಮಗನಾದ ದೊರೆಗೆ ಸಿಕ್ಕಿದ್ದು ಯಾರಿಗೂ ಬೇಡವಾದ ಈ ಪಟ. ಹಡಗಿನಲ್ಲಿ ಹಾಕಿಕೊಂಡು ಮಲೆ ಹತ್ತಿಸಿದ. ಆ ಕಾಲದ ಹೆಂಗಸರು ತಲೆಗೆ ಹಿಟ್ಟು ಮೆತ್ತಿಕೊಳ್ಳುತ್ತಿದ್ದರು, ಅದಕ್ಕೇ ಕೂದಲು ಬೆಳ್ಳಗಿದೆ ಎಂದೂ ಹೇಳಿದರು.

"ಹಿಟ್ಟಾ? ತಿನ್ನೋ ಹಿಟ್ಟಾ?" ಎಂದು ಅಜ್ಜಿ ನನ್ನ ಮುಖ ನೋಡಿದರು. ಇಷ್ಟು ವರ್ಷ ಅನುಮಾನಪಟ್ಟದ್ದಕ್ಕೆ ಸರಿಯಾಯಿತು ಎನ್ನುವಂತಿತ್ತು ಅವರ ದನಿ.

"ನಂಗೂ ಇವಳನ್ನ ಕಂಡ್ರೆ ಭಯ," ಎಂದರು ಊಟಿಯಾಕೆ. "ಸಣ್ಣವಳಿದ್ದಾಗ ಈ ರೂಮಿಗೆ ಬರ್ತಿರ್ಲಿಲ್ಲ. ಅಡುಗೆಮನೇಲೇ ಇರ್ತಿದ್ದೆ. ಆಯಾ ಜತೆ."

ಅಜ್ಜಿಯ ಮುಖ ಮೊದಲ ಸಲ ಸಡಿಲವಾಯಿತು. ಬನ್ನಿ ಕೂತ್ಕೊಳ್ಳಿ ಎಂದು ಅವರನ್ನು ಒಳಗೆ ಕರೆದುಕೊಂಡು ಹೋಗಿ ಒಲೆಯ ಹತ್ತಿರವೇ ಕೂರಿಸಿ ಅಕ್ಕಿರೊಟ್ಟಿ ಕೊಟ್ಟರು.

ಹೊರಡುವ ಹೊತ್ತಿಗೆ ಅಜ್ಜ ಗಂಟಲು ಸರಿಮಾಡಿಕೊಂಡು ಹೇಳಿದರು. "ಪಟ ತಗೊಂಡು ಹೋಗಿ ಅಮ್ಮ. ಮನೆಯವ್ರು ಯಾರಾದ್ರೂ ಬಂದು ಕೇಳೋವರೆಗೂ ಕೆಡದಂಗೆ ನೋಡ್ಕೊಳ್ತೀನಿ ಅಂತ ನಿಮ್ಮಪ್ಪಂಗೆ ಮಾತು ಕೊಟ್ಟಿದ್ದೆ."

ಅಗ್ಗಿಷ್ಟಿಕೆ, ಪಂಚೆಯ ತುಂಡು, ಇಷ್ಟು ವರ್ಷದ ಸೇವೆ, ಎಲ್ಲ ಒಂದು ಮಾತಿಗಾಗಿ.

"ನಂಗೆ ಹೇಳ್ಬೋದಿತ್ತಲ್ಲ," ಎಂದರು ಅಜ್ಜಿ.

"ನೀನು ಕೇಳ್ಲಿಲ್ಲವಲ್ಲ," ಎಂದರು ಅಜ್ಜ. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. ಕೇಳಿದ್ದರೆ ಅವತ್ತೇ ಹೇಳುತ್ತಿದ್ದರು ಎಂದು ನನಗೂ ಅನ್ನಿಸಿತು.

ಪಟವನ್ನು ಕಂಬಳಿಯಲ್ಲಿ ಸುತ್ತಿ ಕಾರಿನ ಮೇಲಿನ ಕ್ಯಾರಿಯರಿಗೆ ಕಟ್ಟಲು ಆಳುಗಳು ಹಗ್ಗ ತಂದರು. ಆಗ ಅಜ್ಜಿ ಒಳಗಿನಿಂದ ಅರಿಶಿನ ಕುಂಕುಮದ ಬಟ್ಟಲು ಮತ್ತು ಎರಡು ರವಿಕೆ ಕಣ ತಂದರು. ಒಂದು ಕಣ ಊಟಿಯಾಕೆಗೆ. ಇನ್ನೊಂದು ಯಾರಿಗೆ ಎಂದು ನಾನು ನೋಡುತ್ತಿದ್ದೆ. ಅಜ್ಜಿ ಊಟಿಯಾಕೆಯ ಹತ್ತಿರ ತಗ್ಗಿದ ದನಿಯಲ್ಲಿ, "ಇವಳು ಸಾಯೋವಾಗ ಗಂಡ ಇದ್ನಾ?" ಎಂದು ವಿಚಾರಿಸಿದರು. ಇದ್ದ ಎಂದಾಯಿತು. ಮುತ್ತೈದೆ ಎಂದು ಖಾತ್ರಿಯಾದ ಮೇಲೆ ಕಂಬಳಿ ಸರಿಸಿ ಕುಂಕುಮ ಇಡಲು ಹೋದರು. "ಬಣ್ಣಕ್ಕೆ ಬೇಡ ಕಣೇ, ಕೆಡ್ತದೆ," ಎಂದು ಅಜ್ಜ ಹೌಹಾರಿದರು. ಕೊನೆಗೆ ಪಟದ ಮರದ ಚೌಕಟ್ಟಿಗೆ ಕುಂಕುಮ ಬಿತ್ತು, ಕಂಬಳಿಯ ಮಡಿಕೆಯೊಳಗೆ ರವಿಕೆ ಕಣ ಹೋಯಿತು. "ಮನೆಯಿಂದ ಹೋಗೋ ಹೆಂಗಸನ್ನ ಹಂಗೇ ಕಳಿಸ್ಬಾರ್ದು," ಎಂದರು ಅಜ್ಜಿ. ಊಟಿಗೆ ಹೋಗಿ ಆ ಕಣದಲ್ಲಿ ಏನು ಹೊಲಿಸಿದರೋ ನನಗೆ ಗೊತ್ತಿಲ್ಲ.

ಇಲ್ಲಿಗೆ ಎಲ್ಲ ಮುಗಿಯಬೇಕಿತ್ತು. ನಾನೂ ಹಾಗೇ ತಿಳಿದಿದ್ದೆ. ಅನುಮಾನವನ್ನು ಸಾಕಿದವರಿಗೆ ಗೊತ್ತು, ಅದು ಅನ್ನ ಹಾಕಿದ ಮನೆಯನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಮುಂದಿನ ಸಲ ಹೋದಾಗ ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದರು.

"ಪಟ ಹೋಯ್ತಲ್ಲ?"

"ಹೋಯ್ತಲ್ಲ ಅಜ್ಜಿ."

"ಮತ್ತೆ ಇವ್ರು ಈಗ್ಲೂ ಅಲ್ಲೇ ಕೂರ್ತಾರಲ್ಲ."

ಹೌದು, ಅಜ್ಜ ಅಲ್ಲೇ ಕೂರುತ್ತಿದ್ದರು. ಮೇಲೆ ಗೋಡೆಯಲ್ಲಿ ಪಟ ಇದ್ದ ಜಾಗ ಸುತ್ತಲ ಸುಣ್ಣಕ್ಕಿಂತ ಬೆಳ್ಳಗೆ ಬೋಳಾಗಿ ಕಾಣುತ್ತಿತ್ತು. ಕೆಳಗೆ ಅದೇ ಕುರ್ಚಿ, ಅದೇ ಅಜ್ಜ, ಅದೇ ಹೊತ್ತು. ಅಭ್ಯಾಸಬಲ ಎಂದು ನಾನು ಸಮಾಧಾನ ಹೇಳಿದೆ. ಅಜ್ಜಿ ಅದನ್ನೂ ಪರೀಕ್ಷೆ ಮಾಡಿದ್ದರು. ನೆಲ ಒರೆಸುವ ನೆಪದಲ್ಲಿ ಕುರ್ಚಿಯನ್ನು ಜಗಲಿಗೆ ಹಾಕಿಸಿದರೆ, ತಮ್ಮ ನೀರಿನ ಲೋಟವನ್ನೂ ತಾವು ಎತ್ತಿಡದ ಅಜ್ಜ ಕುರ್ಚಿಯನ್ನು ಎಳೆದುಕೊಂಡು ಬಂದು ಮತ್ತೆ ಅಲ್ಲೇ ಹಾಕಿಕೊಂಡರಂತೆ. ಈಗ ಅಜ್ಜಿಯ ಸ್ಥಿತಿ ಮೊದಲಿಗಿಂತ ಕೆಟ್ಟಿತ್ತು. ಮೊದಲಾದರೆ ಯಾರ ಮೇಲೆ ಸಿಟ್ಟು ಮಾಡಬೇಕು ಎಂಬುದಾದರೂ ಗೊತ್ತಿತ್ತು. ರಾತ್ರಿ ಊಟ ಸೇರುತ್ತಿಲ್ಲ ಎಂದು ಗಿರಿಜಕ್ಕ ನನ್ನ ಹತ್ತಿರ ಹೇಳಿದಳು. ನನಗೆ ನಗು ಬರುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಈ ವಯಸ್ಸಿನಲ್ಲಿ ಈಕೆ ಇದೇ ಕೊರಗಿನಲ್ಲಿ ಹೋಗಿಬಿಟ್ಟರೆ ಏನು ಗತಿ ಎನ್ನಿಸುತ್ತಿತ್ತು.

ಆ ಬೇಸಿಗೆಯಲ್ಲಿ ಅಜ್ಜನ ಕಣ್ಣಿನ ಪೊರೆ ತೆಗೆಸಲು ಅಪ್ಪ ಅವರನ್ನು ಚಿಕ್ಕಮಗಳೂರಿಗೆ ಕರೆದುಕೊಂಡು ಹೋದರು. ಅಜ್ಜಿಗೆ ಜತೆಗಿರಲಿ ಎಂದು ನಾನು ಬಂದಿದ್ದೆ. ಸಂಜೆಯಾಯಿತು, ಅಜ್ಜ ಕೂರುವ ಹೊತ್ತು. ಅಜ್ಜಿ ಅಡುಗೆಮನೆಯಲ್ಲಿ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ನಡುಮನೆಯಲ್ಲಿ ಅಜ್ಜನ ಕುರ್ಚಿಯ ತುದಿಯಲ್ಲಿ, ಬೇರೆಯವರ ಮನೆಗೆ ಬಂದವರ ಹಾಗೆ ಕೂತಿದ್ದರು. ಕುರ್ಚಿಗೆ ಬೆನ್ನು ಕೊಟ್ಟಿರಲಿಲ್ಲ.

"ಇಲ್ಲಿ ಕೂತ್ರೆ ಪಟ ಕಾಣ್ತಿರ್ಲಿಲ್ಲ," ಎಂದರು.

ಅದು ತಲೆಯ ಹಿಂದಿನ ಗೋಡೆಯಲ್ಲಿತ್ತಲ್ಲ, ಹೇಗೆ ಕಾಣುತ್ತದೆ? ಇಷ್ಟು ಸಣ್ಣ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಪಟದ ಕೆಳಗೆ ಕೂರುವವನಿಗೆ ಪಟ ಒಂದು ಬಿಟ್ಟು ಉಳಿದದ್ದೆಲ್ಲ ಕಾಣುತ್ತದೆ. ಕಾಲೇಜು ಮೆಟ್ಟಿಲು ಹತ್ತಿದ ನನಗೂ ಹೊಳೆದಿರಲಿಲ್ಲ.

"ಗಿರಿಜಾ," ಎಂದು ಅಜ್ಜಿ ಕೂತಲ್ಲಿಂದಲೇ ಕೂಗಿದರು. "ನನ್ನ ಈಳಿಗೆ ಮಣೆ ಮೇಲೆ ಕೂತ್ಕೋ. ನಾನು ಕೂತ ಹಂಗೇ."

ಊಟದ ಕೋಣೆಯ ಬಾಗಿಲು, ಓಣಿ, ಅಡುಗೆಮನೆಯ ಬಾಗಿಲು ದಾಟಿ ಒಲೆಯ ಬೆಳಕು ಕಾಣುತ್ತಿತ್ತು. ಗಿರಿಜಕ್ಕ ಬಂದು ಮಣೆಯ ಮೇಲೆ ಕೂತಳು. ಅವಳ ಬೆನ್ನು ಕಂಡಿತು. ಜಡೆಯ ಗಂಟು, ಕುತ್ತಿಗೆ, ಬಾಗಿದ ಎರಡು ಭುಜ. ಬೇರೇನೂ ಇಲ್ಲ.

ಅಜ್ಜಿ ತುಂಬ ಹೊತ್ತು ನೋಡಿದರು. ಗಿರಿಜಕ್ಕ, "ಏಳ್ಲಾ ಅಮ್ಮ?" ಎಂದು ಕೇಳಿದಳು.

"ಬರೀ ಬೆನ್ನು," ಎಂದರು ಕೊನೆಗೆ. ನನಗೆ ಹೇಳಿದ್ದಲ್ಲ ಅದು. ನಾನು ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ.

ಅಜ್ಜ ಒಂದು ಕಣ್ಣಿಗೆ ಹಸಿರು ಬಟ್ಟೆಯ ಮುಚ್ಚಳ ಕಟ್ಟಿಸಿಕೊಂಡು ವಾಪಸು ಬಂದರು. ಮಲಗಿ ಎಂದರೆ ಕೇಳಲಿಲ್ಲ. ಸಂಜೆ ಗೋಡೆ ಹಿಡಿದುಕೊಂಡು ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು. ಅಡುಗೆಮನೆಯಲ್ಲಿ ಅಜ್ಜಿ ಈಳಿಗೆ ಮಣೆಯನ್ನು ಎತ್ತಿ ತಿರುಗಿಸಿ, ಬಾಗಿಲಿಗೆ ಮುಖ ಮಾಡಿ ಕೂತು ಬೀನ್ಸ್ ಹೆಚ್ಚತೊಡಗಿದರು. ತಲೆ ಮಾತ್ರ ಎತ್ತಲಿಲ್ಲ.

ಅಜ್ಜ ಮುಚ್ಚಿರದ ಕಣ್ಣನ್ನು ಕಿರಿದು ಮಾಡಿಕೊಂಡು ಓಣಿಯುದ್ದಕ್ಕೂ ನೋಡಿದರು. ಮುಂದಕ್ಕೆ ಬಾಗಿ ಮತ್ತೆ ನೋಡಿದರು.

"ಯಾರೇ ಗಿರಿಜಾ, ಒಲೆ ಹತ್ರ ಕೂತಿರೋದು? ಯಾರು ಬಂದಿದ್ದಾರೆ?"

ಗಿರಿಜಕ್ಕ ಬಾಯಿ ತೆರೆದಳು. ಅಜ್ಜಿ ಅವಳನ್ನು ಕೈಸನ್ನೆಯಿಂದ ತಡೆದು ತಲೆ ಎತ್ತಿದರು.

"ನಾನೇ," ಎಂದರು.